ದೀಕ್ಷಾಸ್ನಾನದಲ್ಲಿ ಸಭೆಯೂ ಮಾಡುವ ಪ್ರಮಾಣ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗಳ ಹಳ್ಳಿಗಳಲ್ಲಿ ಉಪದೇಶಿಗಳ ಕಿವಿಗೆ ಮೇಲಿಂದ ಮೇಲೆ ಬೀಳುವ ಪ್ರಶ್ನೆಯೊಂದುಂಟು. “ಆ ಮನುಷ್ಯನು ಎಷ್ಟೋ ವರುಷಗಳಿಂದ ಪ್ರಾರ್ಥನೆಗೆ ಬರುತ್ತಾನೆ, ವಾಕ್ಯವನ್ನು ಕೇಳುತ್ತಾನೆ, ಆದರೆ ದೀಕ್ಷಾಸ್ನಾನವೆಂದ ಕೂಡಲೆ ಹಿಂಜರಿಯುತ್ತಾನೆ. ಅವನದನ್ನು ನಂಬಿಕೆಯೆನ್ನಬಹುದೋ?” ಹೀಗೆ ಕೇಳುವವರು ಹೆಚ್ಚಾಗಿ ಸಭೆಯ ಹಳೆಯ ಮನೆತನದವರೇ. ಇದಕ್ಕೆ ಉತ್ತರ ಕೊಡುವದಕ್ಕಿಂತ ಮುಂಚೆ, ದೀಕ್ಷಾಸ್ನಾನವೆಂದರೇನು, ಅದರಲ್ಲಿ ಪ್ರಮಾಣಮಾಡುವವರು ಯಾರಾರು ಎಂಬದನ್ನು ವಿಚಾರಿಸತಕ್ಕದ್ದು.

ಸವದತ್ತಿಯ ಗುಡ್ಡಕ್ಕೆ ಹೋಗುವ ಯಾತ್ರಿಕರು ಜೋಗುಳಬಾವಿಯಲ್ಲಿ ಮಿಂದು ಮುಂದಕ್ಕೆ ಹೋಗುವದನ್ನು ನಾವೆಲ್ಲರೂ ಬಲ್ಲೆವು. ಬರುವ ವರುಷ ಬಂದರೆ ತಿರಿಗಿ ಮೀಯುವರು. ನಮ್ಮ ಸ್ನಾನವಾದರೋ ಜೀವಮಾನದಲ್ಲಿ ಒಂದೇ ಸಾರಿ. ಯಾಕಂದರೆ ಅದು ಒಂದು ಮರಣ, ಒಂದು ಹುಟ್ಟು. ಕ್ರಿಸ್ತನ ಸಂಗಡ ಹೂಣಲ್ಪಟ್ಟು ಆತನ ಸಂಗಡ ಹೊಸ ಜೀವಕ್ಕೆ ಏಳುವದೇ ಅದೆಂದು ಪೌಲನು ರೋಮಾಪುರದವರಿಗೆ ಬರೆದನು. ಹುಟ್ಟಿದವನು ಎರಡನೆಯ ಸಾರಿ ಹುಟ್ಟಬೇಕಾಗಿಲ್ಲ. ಆದರೆ ಹುಟ್ಟಿದ ಕೂಸಿಗೆ ಮನೆ ಬೇಕು. ಹೆತ್ತ ಕೂಸನ್ನು ಹೊಲದ ಬದುವಿನ ಮೇಲೆ ಬಿಟ್ಟುಹೋಗುವ ತಾಯಿಯನ್ನು ಲೋಕವು ಏನೆಂದು ಕರೆದೀತು?

ಅಪೊಸ್ತಲರ ಕೃತ್ಯಗಳ 10ನೆಯ ಅಧ್ಯಾಯವನ್ನು ತೆರೆದು ನೋಡಿರಿ. ರೋಮ್ ದಂಡಿನ ಶತಾಧಿಪತಿಯಾದ ಕೊರ್ನೇಲ್ಯನು ಯೆಹೂದ್ಯರ ಕಣ್ಣಿಗೆ ಹೊರಗಿನವನು. ಪೇತ್ರನು ಇನ್ನೂ ಮಾತಾಡುತ್ತಿರುವಾಗಲೇ ಪವಿತ್ರಾತ್ಮನು ಆ ಮನೆಯವರ ಮೇಲೆ ಬಂದನು. ನೀರು ಬಂದದ್ದು ಆಮೇಲೆ. ಆದಕಾರಣ ನೀರಿಗಿಂತ ಮುಂಚೆ ನಂಬಿಕೆಯಿರಲಾರದೆಂದು ಯಾರೂ ಹೇಳಕೂಡದು. ಆದರೂ, ಆತ್ಮನು ಬಂದನಲ್ಲಾ, ಇನ್ನು ನೀರೇತಕ್ಕೆ ಎಂದು ಪೇತ್ರನು ಅನ್ನಲಿಲ್ಲ. ದೀಕ್ಷಾಸ್ನಾನ ಮಾಡಿಸಬೇಕೆಂದು ಅಪ್ಪಣೆಕೊಟ್ಟನು. ದೇವರು ಸೇರಿಸಿಕೊಂಡವರನ್ನು ಸಭೆಯೂ ಎಲ್ಲರೆದುರಿಗೆ ಸೇರಿಸಿಕೊಳ್ಳಬೇಕಾಗಿತ್ತು. ಅದಾದ ಮೇಲೆ ಯೆರೂಸಲೇಮಿನಲ್ಲಿ ಪೇತ್ರನ ಮೇಲೆ ಬಂದ ದೂರು ಯಾವದು? ಅಂಥವರ ಮನೆಯನ್ನು ಹೊಕ್ಕು ಅವರ ಸಂಗಡ ಊಟಮಾಡಿದನೆಂಬದೇ. ಮುಂದೆ ಅದೇ ಪೇತ್ರನು ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ ಪಂಕ್ತಿಯಿಂದ ಹಿಂದೆಗೆದಾಗ ಪೌಲನು ಎಲ್ಲರ ಮುಂದೆ ಅವನನ್ನು ಗದರಿಸಿದನು. ನೀರು ಕೊಡುವದು ಒಂದು ದಿನದ ಕೆಲಸ. ಪಂಕ್ತಿಯಲ್ಲಿ ಕೂಡ್ರುವದು ಜೀವಮಾನದ ಕೆಲಸ.

ನಮ್ಮ ನಾಡಿನ ಹಿರಿಯರು ಈ ಮಾತನ್ನು ಅರಿತಿದ್ದರು. ಬೆಳಗಾವಿಯಲ್ಲಿ ಲಂಡನ್ ಮಿಶನ್ನಿನ ಜೋಸೆಫ್ ಟೇಲರರು 1820ರಲ್ಲಿಯೂ, ಧಾರವಾಡದಲ್ಲಿ ಬಾಸೆಲ್ ಮಿಶನ್ನಿನವರು 1837ರಲ್ಲಿಯೂ ಕೆಲಸವನ್ನು ಆರಂಭಿಸಿದರು. ಆ ಕಾಲದಲ್ಲಿ ದೀಕ್ಷಾಸ್ನಾನ ಹೊಂದಿದವನು ಮನೆಯನ್ನೂ ಕಸುಬನ್ನೂ ಒಂದೇ ದಿನದಲ್ಲಿ ಕಳಕೊಳ್ಳುತ್ತಿದ್ದದ್ದುಂಟು. ಧರ್ಮ ಬದಲಿಸಿದವನ ಆಸ್ತಿಯ ಹಕ್ಕು ಹೋಗಕೂಡದೆಂದು 1850ರಲ್ಲಿ ಕಾಯಿದೆಯಾಯಿತು. ಕಾಯಿದೆಯು ಹೊಲವನ್ನು ಉಳಿಸಿಕೊಟ್ಟೀತು; ಬಿತ್ತುವಾಗ ಕೂರಿಗೆಯನ್ನೂ ಸುಗ್ಗಿಯಲ್ಲಿ ಮುಯ್ಯಾಳನ್ನೂ ಕೊಡಲಾರದು. ಆದದರಿಂದ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ನೇಯ್ಗೆಯ ಕಾರಖಾನೆಯನ್ನೂ, 1865ರಲ್ಲಿ ಹಂಚಿನ ಕಾರಖಾನೆಯನ್ನೂ ಕಟ್ಟಿದರು. ನೀರು ಕೊಟ್ಟ ಕೈಯೇ ರೊಟ್ಟಿಗೂ ದಾರಿಮಾಡಬೇಕೆಂಬದು ಅವರ ತಿಳುವಳಿಕೆಯಾಗಿತ್ತು.

ಈಗಿನ ಕಷ್ಟವು ಬೇರೆ ತರದ್ದು. 1950ರ ರಾಷ್ಟ್ರಪತಿಯ ಆಜ್ಞೆಯ ಮೇರೆಗೆ ಪರಿಶಿಷ್ಟ ಜಾತಿಯ ಸವಲತ್ತು ಹಿಂದೂಗಳಿಗೆ ಮಾತ್ರ ದೊರೆಯಿತು, ಅದು 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಹಸುಳೆತನದಲ್ಲಿ ದೀಕ್ಷಾಸ್ನಾನ ಹೊಂದಿ, ದೊಡ್ಡವಳಾದ ಮೇಲೆ ತಾನು ಹಿಂದುವೆಂದು ಹೇಳಿ ಜಾತಿಪತ್ರ ಬೇಡಿದ ಪುದುಚೇರಿಯ ಒಬ್ಬಾಕೆಯ ಮನವಿಯನ್ನು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಹೀಗಿರಲಾಗಿ, ಸಭೆಯ ಪುಸ್ತಕದಲ್ಲಿ ಹೆಸರು ಬರೆಯಿಸುವ ಬಡ ತಂದೆಯು ತನ್ನ ಮಗಳ ವಿದ್ಯಾರ್ಥಿವೇತನವನ್ನೂ ಮಗನ ನೌಕರಿಯನ್ನೂ ಎಣಿಸಿ ನಿಟ್ಟುಸಿರುಬಿಟ್ಟರೆ ಆಶ್ಚರ್ಯವೇನು?

ದೇವರ ಮುಂದೆ ಒಂದು ಹೆಸರು, ಕಚೇರಿಯ ಮುಂದೆ ಇನ್ನೊಂದು ಹೆಸರು ಇಟ್ಟುಕೊಳ್ಳುವದು ಸರಿಯೆಂದು ನಾವು ಹೇಳಲಾರೆವು. ದೀಪವನ್ನು ಹಚ್ಚಿ ಕೊಳಗದ ಕೆಳಗೆ ಇಡಬಾರದೆಂದು ಕರ್ತನು ಕಲಿಸಿದನು. ಆದರೆ ಅವನನ್ನು ದೂರುವವರು ಒಂದು ಲೆಕ್ಕವನ್ನು ಮಾಡಲಿ. ದೀಕ್ಷಾಸ್ನಾನದಿಂದ ಅವನು ಕಳಕೊಳ್ಳುವದು ಇಷ್ಟು. ಸಭೆಯಿಂದ ಅವನಿಗೆ ಸಿಕ್ಕುವದು ಎಷ್ಟು? ಮಿಶನ್ ಶಾಲೆಯಲ್ಲಿ ಕಲಿತು ಉದ್ಯೋಗಕ್ಕೆ ಸೇರಿದ ಮನೆತನಗಳು ಅವನ ಮಕ್ಕಳ ಓದಿಗೆ ಒಂದು ಪಾಲನ್ನು ಕೊಡುವವೋ? ಹೆಣ್ಣು ಗಂಡು ನೋಡುವಾಗ “ಅವರು ಮೊದಲು ಯಾವ ಕೇರಿಯವರು?” ಎಂಬ ಪಿಸುಮಾತು ನಿಂತಿದೆಯೋ? ನಿಂತಿಲ್ಲವಾದರೆ, ಅವನ ಹಳೆಯ ಹುಟ್ಟು ನೀರಿನಲ್ಲಿ ಹೂಣಲ್ಪಟ್ಟಿತೆಂದು ನಂಬದೆ ಇರುವವರು ನಾವೇ. ಅವನು ನೀರಿಗೆ ಅಂಜುತ್ತಾನೆಂದು ತಿಳಿಯುತ್ತೇವೆ. ಆ ದಡದಲ್ಲಿ ಮನೆ ಕಾಣದೆ ಅಂಜುತ್ತಿರಬಹುದು.

ಆದಕಾರಣ ಆ ಪ್ರಶ್ನೆಗೆ ನಮ್ಮ ಉತ್ತರವಿದು. ಅವನದು ನಂಬಿಕೆಯೇ, ಕೊರ್ನೇಲ್ಯನ ಮನೆಯೇ ಇದಕ್ಕೆ ಸಾಕ್ಷಿ. ಅದು ಎಲ್ಲರೆದುರಿಗೆ ಅರಿಕೆಯಾಗಿ ಪೂರ್ಣವಾಗಬೇಕೆಂಬದೂ ನಿಜವೇ. ಹಾಗೆ ಪೂರ್ಣವಾಗುವಂತೆ ಮಾಡುವ ಭಾರವು ಅವನ ಮೇಲೆ ಅರ್ಧ, ಸಭೆಯ ಮೇಲೆ ಅರ್ಧ. ದೀಕ್ಷೆಯೆಂದರೆ ವ್ರತ ಹಿಡಿಯುವದು; ನೀರಿನ ಬಳಿಯಲ್ಲಿ ನಿಂತ ನಾವೆಲ್ಲರೂ ಆ ವ್ರತದಲ್ಲಿ ಪಾಲುಗಾರರು.

ಮುಂದಿನ ಸಾರಿ ನಿಮ್ಮ ಊರಲ್ಲಿ ದೀಕ್ಷಾಸ್ನಾನದ ಆರಾಧನೆ ನಡೆಯುವಾಗ, ಹೊಸಬರು ಕೊಡುವ ಉತ್ತರಗಳನ್ನು ಕೇಳಿ ತಲೆದೂಗಿ ಮನೆಗೆ ಹೋಗಬೇಡಿರಿ. ಅದೇ ದಿನ ಅವರನ್ನು ನಿಮ್ಮ ಮನೆಗೆ ಕರಕೊಂಡುಹೋಗಿ ಒಂದೇ ಬುಟ್ಟಿಯ ರೊಟ್ಟಿಯನ್ನು ಹಂಚಿಕೊಂಡು ಉಣ್ಣಿರಿ. ಬಿತ್ತಿಗೆ ಕಾಲದಲ್ಲಿ ಅವರ ಹೊಲಕ್ಕೆ ಹೋಗಿರಿ. ಅವರ ಮಕ್ಕಳನ್ನು ನಿಮ್ಮ ಮಕ್ಕಳ ಸಂಗಡ ಎಣಿಸಿರಿ. ಹೊಸಲಿನ ಆಚೆ ನಿಂತವರು ಅದನ್ನು ಕಂಡು ತಾವೂ ಒಳಗೆ ಕಾಲಿಡುವ ಧೈರ್ಯವನ್ನು ಹೊಂದುವಂತೆ ಕರ್ತನು ಕೃಪೆಮಾಡಲಿ. ಆಮೆನ್.