ಇಂದಿನ ಧಮ್ಮಚಿಂತನೆ: ರೋಹಿಣಿಯ ನೀರು, ನಮ್ಮ ಬೋರಿನ ನೀರು



2023ರ ಮುಂಗಾರು ನಿಮಗೆಲ್ಲ ನೆನಪಿರಬೇಕು. ಆಶ್ಲೇಷಾ, ಮಘಾ ಎರಡೂ ಮಳೆ ಕೈಕೊಟ್ಟವು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅದಕ್ಕೆ ನಾಲ್ಕೇ ವರ್ಷ ಹಿಂದೆ, 2019ರ ಆಗಸ್ಟಿನಲ್ಲಿ, ಇದೇ ಹಾವೇರಿ ಜಿಲ್ಲೆಯಲ್ಲಿ ವರದೆ ಉಕ್ಕಿ ಹೊಲ ಮನೆಗಳಿಗೆ ನುಗ್ಗಿದ್ದಳು.

ಬ್ಯಾಡಗಿಗೂ ರಾಣೆಬೆನ್ನೂರಿಗೂ ನಡುವಿನ ನಮ್ಮೂರಲ್ಲಿ ಅಣ್ಣ ಎರಡು ಎಕರೆ ಎರಿ ಹೊಲಕ್ಕೆ ಮೆಣಸಿನ ಸಸಿ ಹಚ್ಚಿದ್ದ. ಸಸಿ ಬಾಡತೊಡಗಿದಾಗ ನನ್ನ ಸಂಬಳದ ಮೇಲೆ ಸಾಲ ತೆಗೆದು ಬೋರು ಹೊಡೆಸಿದೆವು. ಎರಡು ಇಂಚು ನೀರು ಬಿತ್ತು. ಹದಿನೈದು ದಿನಕ್ಕೆ ಬದುವಿನಾಚೆಯ ಕಾಕಾನ ಹಳೆಯ ಬೋರು ಬತ್ತಿತು.

ಕಾಕಾ ಮನೆಗೆ ಬಂದರು. ಅಣ್ಣ, "ನೀರು ನಮ್ಮ ಹೊಲದಾಗ ಬಿದ್ದೈತಿ, ನಾವ್ಯಾಕ ಬಿಡೂಣು?" ಎಂದ. ಕಾಕಾ ನನ್ನ ಕಡೆ ತಿರುಗಿ, "ಮಾಸ್ತರ, ನೀವಾದ್ರೂ ಒಂದು ಮಾತು ಹೇಳ್ರಿ" ಎಂದರು. ನಾನು ಹೇಳಲಿಲ್ಲ. ಸಾಲದ ಕಂತು ನನ್ನ ಬಾಯಿ ಕಟ್ಟಿತ್ತು.

ಆ ಭಾನುವಾರ ನಮ್ಮ ಓದಿನಲ್ಲಿ ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ' ಇತ್ತು. ಓದುವ ಪಾಳಿ ನನ್ನದೇ. ಶಾಕ್ಯರಿಗೂ ಕೋಲಿಯರಿಗೂ ರೋಹಿಣಿ ನದಿಯ ನೀರಿಗಾಗಿ ಜಗಳ. ಯುದ್ಧವೇ ಆಗಲಿ ಎಂದ ಸೇನಾಪತಿಗೆ ಸಿದ್ಧಾರ್ಥ ಎದುರು ನಿಂತ. ನಮ್ಮವರು ಇಬ್ಬರು, ಅವರವರು ಇಬ್ಬರು, ಆ ನಾಲ್ವರು ಆರಿಸಿದ ಐದನೆಯವರು ಕೂಡಿ ತೀರ್ಮಾನಿಸಲಿ ಎಂಬುದು ಅವನ ಸಲಹೆ. ಸಂಘ ಒಪ್ಪಲಿಲ್ಲ. ಅವನು ಮನೆ ಬಿಟ್ಟದ್ದು ಅದೇ ಕಾರಣಕ್ಕೆ ಎನ್ನುತ್ತಾರೆ ಬಾಬಾಸಾಹೇಬರು. ಓದುತ್ತ ನನ್ನ ದನಿ ಇಳಿಯಿತು. ಸಿದ್ಧಾರ್ಥ ಮಾತಾಡಿ ಸೋತಿದ್ದ, ನಾನು ಬಾಯಿಯನ್ನೇ ತೆರೆದಿರಲಿಲ್ಲ.

ಬಂಧುಗಳೆ, ಇದು ಇದ್ದರೆ ಅದು ಉಂಟಾಗುತ್ತದೆ ಎಂಬುದು ಪ್ರತೀತ್ಯ ಸಮುತ್ಪಾದ. ಕಾಕಾನ ಬೋರು ಬತ್ತಲು ನಮ್ಮ ಬೋರು ಕಾರಣ. ನಮ್ಮ ಬೋರಿಗೆ ಮಳೆ ಬಾರದ್ದು ಕಾರಣ. ಆ ವರ್ಷದ ಬರಕ್ಕೆ ಎಲ್ ನಿನೊ ಒಂದು ಕಾರಣ, ಕಾಯುತ್ತಿರುವ ಭೂಮಿ ಇನ್ನೊಂದು. ಕಲ್ಲಿದ್ದಲು, ಪೆಟ್ರೋಲು ಸುಟ್ಟ ಹೊಗೆಯ ಇಂಗಾಲ ಮೇಲೆ ಸೇರಿ ಬಿಸಿಯನ್ನು ಹಿಡಿದಿಡುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಅದು ನೆಲದ ಹಸಿಯನ್ನು ಬೇಗ ಹೀರುತ್ತದೆ, ಸುರಿದಾಗ ಒಮ್ಮೆಲೇ ಸುರಿಯುತ್ತದೆ. ಆದ್ದರಿಂದಲೇ ಒಂದೇ ಜಿಲ್ಲೆ ನೆರೆಯನ್ನೂ ಬರವನ್ನೂ ಕಾಣುತ್ತಿದೆ. ಈ ಸರಪಳಿಯ ಬುಡದಲ್ಲಿ ತಣ್ಹಾ ಇದೆ, ಇನ್ನೂ ಬೇಕೆಂಬ ಬಾಯಾರಿಕೆ.

ಮರುದಿನ ಅಣ್ಣನನ್ನು ಕೂರಿಸಿಕೊಂಡೆ. ಸಿಟ್ಟಾದ, ಎರಡು ದಿನ ಮಾತು ಬಿಟ್ಟ, ಕಡೆಗೆ ಒಪ್ಪಿದ. ಎರಡೂ ಕಡೆಯ ಇಬ್ಬಿಬ್ಬರು ಕೂಡಿ ಐದನೆಯವರಾಗಿ ಆರಿಸಿದ್ದು ಎರಡೂ ಹೊಲದಲ್ಲಿ ಕಾಯಿ ಬಿಡಿಸುವ ಒಬ್ಬ ಅಜ್ಜಿಯನ್ನು. ಆಕೆ ಹೇಳಿದ್ದು ಇಷ್ಟೇ: "ಮೊದಲು ದನದ ತೊಟ್ಟಿ ತುಂಬಸ್ರಿ. ಆಮ್ಯಾಲೆ ಒಂದು ದಿನ ಇವರಿಗೆ, ಒಂದು ದಿನ ಅವರಿಗೆ. ಒಂದು ಹೊಲ ಒಣಗಿದ್ರ ನನಗ ಅರ್ಧ ಕೂಲಿ ಹೋಗತೈತಿ."

ಆ ವರ್ಷ ಎರಡೂ ಹೊಲದಲ್ಲಿ ಅರ್ಧ ಬೆಳೆ ಬಂತು. ಸಾಲ ಇನ್ನೂ ತೀರಿಲ್ಲ. ನೀರು ಹಂಚಿಕೊಂಡ ಮಾತ್ರಕ್ಕೆ ಭೂಮಿ ತಣಿಯುವುದಿಲ್ಲ, ಅದಕ್ಕೆ ದೊಡ್ಡ ದೇಶಗಳೂ ಸರ್ಕಾರಗಳೂ ಹೊಗೆ ತಗ್ಗಿಸಬೇಕು. ಆದರೆ ಬರ ಮತ್ತೆ ಬರುತ್ತದೆ. ಬಂದಾಗ ನಾವು ಬಡಿದಾಡುತ್ತೇವೋ ಹಂಚಿಕೊಳ್ಳುತ್ತೇವೋ ಎಂಬುದು ನಮ್ಮ ಕೈಯಲ್ಲಿದೆ.

ಇಂದಿನ ಅಭ್ಯಾಸ: ಇವತ್ತು ಮೋಟಾರಿನ ಗುಂಡಿ ಒತ್ತುವ ಮುನ್ನ, ನಲ್ಲಿ ತಿರುಗಿಸುವ ಮುನ್ನ, ಒಂದು ಉಸಿರಿನಷ್ಟು ಹೊತ್ತು ನಿಲ್ಲಿ. ಈ ನೀರು ಯಾರ ಪಾಲಿನಿಂದ ಬರುತ್ತಿದೆ ಎಂದು ಕೇಳಿಕೊಳ್ಳಿ. ಮಾತಾಡಬೇಕಾದ ಕಡೆ ಸುಮ್ಮನಿದ್ದರೆ, ಇವತ್ತೇ ಹೋಗಿ ಮಾತಾಡಿ.

ಎಲ್ಲ ಜೀವಿಗಳಿಗೂ ಒಳಿತಾಗಲಿ. ಭವತು ಸಬ್ಬ ಮಂಗಲಂ. 🙏