ಬೇಕಾದಷ್ಟೇ ಕೇಳುವ ಧರ್ಮ

ಸರಕಾರಿ ಕಚೇರಿಗಳಲ್ಲಿ ದುಡಿಯುವ ನಮ್ಮಂಥವರಿಗೆ ಒಂದು ಲೆಕ್ಕ ಯಾರೂ ಹೇಳಿಕೊಡದೆಯೇ ಬಂದುಬಿಡುತ್ತದೆ. ವಿಭಾಗಕ್ಕೆ ಹತ್ತು ರೀಮು ಕಾಗದ ಬೇಕಿದ್ದರೆ ಇಂಡೆಂಟಿನಲ್ಲಿ ಇಪ್ಪತ್ತು ಎಂದು ಬರೆಯಬೇಕು; ಸ್ಟೋರಿನವರು ಅರ್ಧ ಕತ್ತರಿಸುತ್ತಾರೆ. ಅವರೇಕೆ ಕತ್ತರಿಸುತ್ತಾರೆ? ನಾವು ಇಮ್ಮಡಿ ಬರೆಯುತ್ತೇವೆಂಬುದು ಅವರಿಗೆ ಗೊತ್ತು. ಇದನ್ನು ನಾವು ಸುಳ್ಳೆನ್ನುವುದಿಲ್ಲ, ಅನುಭವ ಎನ್ನುತ್ತೇವೆ. ಮಕ್ಕಳು ಸಣ್ಣ ಸುಳ್ಳು ಹೇಳಿದರೂ ಗದರಿಸುವ ನಾವು ಆ ಇಂಡೆಂಟಿಗೆ ಕೈ ನಡುಗದೆ ಸಹಿ ಹಾಕುತ್ತೇವೆ. ಬೇಕಾದುದಕ್ಕಿಂತ ಹೆಚ್ಚು ಕೇಳುವುದು ಸುಳ್ಳಲ್ಲವೆ?

ಕಚೇರಿಯ ಮಾತು ಹಾಗಿರಲಿ. ಮುಂಬಯಿಯ ನಮ್ಮ ಬಡಾವಣೆಯಲ್ಲಿ ಮೂರು ಕಿರಾಣಿ ಅಂಗಡಿಗಳಿವೆ. ಒಮ್ಮೆ ರಾಗಿ ಹಿಟ್ಟು ಸಿಗದೆ ಹೋದಾಗ ಕನ್ನಡದ ಮನೆಯವರೆಲ್ಲ ಮೂರೂ ಅಂಗಡಿಗಳಿಗೆ ಹೋಗಿ, 'ಶೇಠ್‌ಜಿ, ನಮಗೆ ಐದು ಕಿಲೋ ತೆಗೆದಿಡಿ' ಎಂದೆವು. ಮೂವರೂ ನಂಬಿ ತರಿಸಿದರು. ಕೊಂಡದ್ದು ಮಾತ್ರ ಮೊದಲು ತರಿಸಿದವರಲ್ಲಿ. ಉಳಿದಿಬ್ಬರ ಹಿಟ್ಟಿಗೆ ಹುಳು ಬಿತ್ತು. ಆಮೇಲೆ ಆ ಇಬ್ಬರು ರಾಗಿಯ ಹೆಸರೆತ್ತಲಿಲ್ಲ. ಅವರನ್ನು ಕಂಡು ಮೂರನೆಯವರೂ ನಿಲ್ಲಿಸಿದರು. ಮುದ್ದೆಯಿಲ್ಲದೆ ಊಟ ಸೇರದ ಹಿರಿಯರಿರುವ ಮನೆಯವರು ಈಗ ರೈಲು ಹಿಡಿದು ಮಾಟುಂಗಕ್ಕೆ ಹೋಗಿ ಹಿಟ್ಟು ತರುತ್ತಾರೆ. ಮೋಸ ಮಾಡಬೇಕೆಂದು ಯಾರೂ ಎಣಿಸಿರಲಿಲ್ಲ. ಆದರೂ ಕೊಟ್ಟ ಮೂರು ಮಾತುಗಳಲ್ಲಿ ಎರಡು ಪೊಳ್ಳಾಗಿದ್ದವು.

ದೊಡ್ಡ ವ್ಯಾಪಾರದಲ್ಲೂ ಕಥೆ ಇದೇ. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ತಮ್ಮ ಪ್ಯಾಂಪರ್ಸ್ ಡಯಾಪರಿನ ಲೆಕ್ಕ ನೋಡಿದಾಗ ಒಂದು ವಿಚಿತ್ರ ಕಂಡಿತು. ಕೂಸುಗಳ ಅಗತ್ಯ ದಿನವೂ ಒಂದೇ. ಅಂಗಡಿಗಳ ಮಾರಾಟದಲ್ಲೂ ಹೆಚ್ಚು ಏರಿಳಿತವಿಲ್ಲ. ಆದರೆ ವಿತರಕರು ಕಳುಹಿಸುವ ಆರ್ಡರು ಒಮ್ಮೆ ಬೆಟ್ಟ, ಒಮ್ಮೆ ಕಣಿವೆ. ಕಂಪನಿ ಕಚ್ಚಾ ಸಾಮಗ್ರಿಗಾಗಿ ಕಳುಹಿಸುವ ಆರ್ಡರಿನ ಕುಣಿತ ಇನ್ನೂ ಹೆಚ್ಚು. ಹಿಡಿಯ ಬಳಿ ಕೈ ತುಸು ಅಲುಗಿದರೆ ಚಾಟಿಯ ತುದಿ ಮಾರುದ್ದ ಹಾರುತ್ತದಲ್ಲವೆ? ಅದಕ್ಕೇ ಇದಕ್ಕೆ ಚಾಟಿಯ ಹೆಸರನ್ನೇ ಇಟ್ಟಿದ್ದಾರೆ.

1997ರಲ್ಲಿ ಹಾವ್ ಲೀ ಮತ್ತು ಸಂಗಡಿಗರು ಇದಕ್ಕೆ ನಾಲ್ಕು ಕಾರಣಗಳನ್ನು ಹೇಳಿದರು. ಪ್ರತಿ ಮೆಟ್ಟಿಲಲ್ಲೂ ಬೇಡಿಕೆಯನ್ನು ಹೊಸದಾಗಿ ಅಂದಾಜು ಮಾಡುವುದು, ಆರ್ಡರುಗಳನ್ನು ಕೂಡಿಟ್ಟು ಒಮ್ಮೆಗೇ ಕಳುಹಿಸುವುದು, ಬೆಲೆ ಇಳಿದಾಗ ಮುಗಿಬಿದ್ದು ಕೊಳ್ಳುವುದು, ಕೊರತೆಯಿದ್ದಾಗ ಪಾಲು ಕಡಿಮೆಯಾದೀತೆಂದು ಹೆಚ್ಚು ಕೇಳುವುದು. ಮೊದಲ ಮೂರರಲ್ಲಿ ಸುಳ್ಳಿಲ್ಲ. ಒಬ್ಬರ ಸ್ಥಿತಿ ಇನ್ನೊಬ್ಬರಿಗೆ ಕಾಣದಷ್ಟು ದೂರವಿದೆ, ಅಷ್ಟೆ. ನಾಲ್ಕನೆಯದು ಮಾತ್ರ ನಮ್ಮ ಇಂಡೆಂಟು, ನಮ್ಮ ರಾಗಿ ಹಿಟ್ಟು.

ಇದಕ್ಕೆ ಮದ್ದೂ ಇದೆ. 1980ರ ದಶಕದ ಕೊನೆಯಲ್ಲಿ ಅದೇ ಕಂಪನಿ ವಾಲ್‌ಮಾರ್ಟ್ ಅಂಗಡಿಗಳೊಡನೆ ಒಂದು ಏರ್ಪಾಟು ಮಾಡಿಕೊಂಡಿತು. ಅಂಗಡಿ ತನ್ನ ಮಾರಾಟದ ಲೆಕ್ಕವನ್ನೇ ತೋರಿಸುವುದು; ಅದನ್ನು ನೋಡಿ ಕಂಪನಿ ಸರಕು ತುಂಬುವುದು. ಲೆಕ್ಕವೇ ಕಣ್ಣೆದುರಿಗಿರುವಾಗ ಹೆಚ್ಚಿಸಿ ಕೇಳುವ ಪ್ರಮೇಯವೆಲ್ಲಿ ಬಂತು? ಕೊರತೆಯ ಕಾಲಕ್ಕೆ ಹಾವ್ ಲೀಯವರು ಹೇಳಿದ ಉಪಾಯವೂ ಸರಳ: ಎಷ್ಟು ಕೇಳಿದರೆಂದು ನೋಡದೆ, ಹಿಂದೆ ಎಷ್ಟು ಮಾರಿದರೆಂದು ನೋಡಿ ಪಾಲು ಹಂಚುವುದು.

ಆದರೆ ಲೆಕ್ಕದ ಪುಸ್ತಕವನ್ನು ಇನ್ನೊಬ್ಬರ ಮುಂದೆ ತೆರೆದಿಡುವುದು ಸಣ್ಣ ಮಾತಲ್ಲ. ದೊಡ್ಡವನು ಅದನ್ನೇ ಓದಿ ಸಣ್ಣವನನ್ನು ನುಂಗಿದರೆ? ಈ ಭಯ ಬರಿಯ ಕಲ್ಪನೆಯಲ್ಲ. ಅಮೆಜಾನ್ ತನ್ನಲ್ಲಿ ಮಾರುವ ಇತರ ವ್ಯಾಪಾರಿಗಳ ಲೆಕ್ಕವನ್ನು ತನ್ನ ಸ್ವಂತ ವ್ಯಾಪಾರಕ್ಕೆ ಬಳಸಿಕೊಳ್ಳುತ್ತಿದೆಯೆಂಬ ಆಕ್ಷೇಪವನ್ನು ಯುರೋಪಿಯನ್ ಆಯೋಗ ವಿಚಾರಿಸಿತು. ಹೊರಗಿನವರಿಗೆ ಕಾಣದ ಆ ಲೆಕ್ಕವನ್ನು ಹಾಗೆ ಬಳಸುವುದಿಲ್ಲವೆಂಬ ಕಂಪನಿಯ ವಚನವನ್ನು 2022ರ ಡಿಸೆಂಬರಿನಲ್ಲಿ ಕಟ್ಟುಪಾಡಾಗಿ ಮಾಡಿತು.

ಹೀಗೆ ಯೋಚಿಸಿದಾಗ ನಮಗೆ ತೋರುವುದಿಷ್ಟು. ಸತ್ಯವೆಂದರೆ ಹೇಳುವವನೊಬ್ಬನ ಹೊಣೆಯೆಂದೇ ನಾವು ಚಿಕ್ಕಂದಿನಿಂದ ಕಲಿತದ್ದು. ಅದು ಅರ್ಧ ಪಾಠ. ಕೇಳುವವನಿಗೂ ಹೊಣೆಯಿದೆ. ನಿಜ ಹೇಳಿದವನ ಪಾಲನ್ನು ಕತ್ತರಿಸಿ, ಹೆಚ್ಚಿಸಿ ಹೇಳಿದವನ ಕೈ ತುಂಬಿಸಿದರೆ ಸುಳ್ಳನ್ನು ಕಲಿಸಿದವರು ಯಾರು? ನಂಬಿ ಕೊಟ್ಟ ಲೆಕ್ಕವನ್ನು ಕೊಟ್ಟವನ ವಿರುದ್ಧವೇ ತಿರುಗಿಸಿದರೆ ನಾಳೆ ಯಾರು ತಾನೆ ಪುಸ್ತಕ ತೆರೆದಾರು?

ಹಾಗೆಂದು ಎದುರಿನವರು ಬದಲಾಗಲಿ ಎಂದು ಕಾಯುತ್ತ ಕೂತರೆ ಇಬ್ಬರೂ ಕೂತೇ ಇರಬೇಕಾಗುತ್ತದೆ. ಕಳೆದ ಸಲ ನಾವು ಹತ್ತೇ ರೀಮು ಬರೆದೆವು, ಬಂದದ್ದು ಐದು. ತಿಂಗಳ ಕೊನೆಗೆ ಪಕ್ಕದ ವಿಭಾಗದಿಂದ ಕಡ ತಂದೆವು, ಸಹೋದ್ಯೋಗಿಗಳ ನಗೆಗೂ ಪಾತ್ರರಾದೆವು. ನಿಜ ಹೇಳಬೇಕೆಂದರೆ, ಮತ್ತೆ ಇಪ್ಪತ್ತು ಬರೆಯಲು ಕೈ ತುರಿಸಿತು. ಆದರೆ ಈ ಸಲವೂ ಹತ್ತೇ ಬರೆದಿದ್ದೇವೆ. ಜೊತೆಗೆ ಕಳೆದ ಮೂರು ತಿಂಗಳ ಖರ್ಚಿನ ಲೆಕ್ಕವನ್ನೂ ಲಗತ್ತಿಸಿದ್ದೇವೆ. ಸ್ಟೋರಿನವರು ಅದನ್ನು ಓದುತ್ತಾರೋ ಇಲ್ಲವೋ ನೋಡಬೇಕು.

ರಾಗಿ ಹಿಟ್ಟಿನ ವಿಷಯಕ್ಕೂ ಬಡಾವಣೆಯ ಕನ್ನಡ ಮನೆಗಳಲ್ಲಿ ಒಂದು ಸೂಚನೆ ಇಟ್ಟಿದ್ದೇವೆ. ತಿಂಗಳಿಗೆ ಯಾರಿಗೆಷ್ಟು ಬೇಕೆಂದು ಒಂದೇ ಚೀಟಿಯಲ್ಲಿ ಬರೆದು ಒಬ್ಬರೇ ಶೇಠ್‌ಜಿಗೆ ಕೊಡೋಣ, ಬರೆದಷ್ಟನ್ನು ತಪ್ಪದೆ ಕೊಳ್ಳೋಣ.