ಒಬ್ಬನೇ ಕೇಳಿದರೆ

ಉಜಿರೆಯಿಂದ ಚಾರ್ಮಾಡಿ ಘಾಟಿಗೆ ಹೋಗುವ ಹೆದ್ದಾರಿಯಲ್ಲಿ ಕಕ್ಕಿಂಜೆ ಎಂಬ ಸಣ್ಣ ಪೇಟೆಯಿದೆ. ಅದು ನಮ್ಮೂರು. ಕಳೆದ ಸಲ ರಜೆಯಲ್ಲಿ ಮನೆಗೆ ಹೋಗಿದ್ದಾಗ ಪಂಚಾಯತಿನ ಬಿಲ್ ಕಲೆಕ್ಟರ್ ಮನೆ ತೆರಿಗೆ ವಸೂಲಿಗೆ ಬಂದಿದ್ದರು. ಅಪ್ಪ ದುಡ್ಡು ಕೊಟ್ಟು, ರಶೀದಿ ತೆಗೆದುಕೊಂಡು, ಕನ್ನಡಕ ಹಾಕಿ ಓದಿದರು. ಆಮೇಲೆ ತುಳುವಿನಲ್ಲಿ ನಡೆದ ಮಾತು ಹೆಚ್ಚುಕಡಿಮೆ ಹೀಗಿತ್ತು.

"ಇದೆಂತದು ಮಾರಾಯ, ಭಿಕ್ಷುಕರ ಸೆಸ್?"

"ತೆರಿಗೆಯ ಮೇಲೆ ನೂರಕ್ಕೆ ಮೂರು ರೂಪಾಯಿ ಅಣ್ಣ. ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಹೋಗುವುದು. ನಮ್ಮಲ್ಲಿ ಉಳಿಯುವುದಿಲ್ಲ."

"ಅಲ್ಲಿಗೆ ಮುಟ್ಟುತ್ತದಾ?"

"ಅದು ನನಗೆ ಹೇಳಲಿಕ್ಕೆ ಬರುವುದಿಲ್ಲ. ಜಮಾಬಂದಿ ದಿನ ಬನ್ನಿ, ಅಲ್ಲಿ ಕೇಳಿ."

ಅಪ್ಪನಿಗೆ ಅಷ್ಟು ಸಾಕಾಯಿತು. ನನಗೆ ಮಾತ್ರ ಆ ಸಂಭಾಷಣೆ ತಲೆಯಲ್ಲಿ ಉಳಿಯಿತು. ಆ ಸೆಸ್ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು. ಅದನ್ನು ಹಾಕಿದ್ದು ವಿಧಾನಮಂಡಲ, ವಸೂಲು ಮಾಡುವುದು ಪಂಚಾಯತ್, ಖರ್ಚು ಮಾಡುವುದು ಇನ್ಯಾರೋ. ಆದರೂ ಪ್ರಶ್ನೆ ಕೇಳಲು ಅಪ್ಪನ ಎದುರು ಒಬ್ಬ ಮನುಷ್ಯ ಕೂತಿದ್ದ. ತನಗೆ ಗೊತ್ತಿದ್ದಷ್ಟು ಹೇಳಿದ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ, ಮುಂದೆ ಎಲ್ಲಿ ಕೇಳಬೇಕೆಂದು ತೋರಿಸಿದ. ಉತ್ತರದಾಯಿತ್ವ ಎಂಬ ಭಾರದ ಪದಕ್ಕೆ ಇದಕ್ಕಿಂತ ಸರಳ ವಿವರಣೆ ನನಗೆ ಪುಸ್ತಕಗಳಲ್ಲಿ ಸಿಕ್ಕಿಲ್ಲ.

ಜಮಾಬಂದಿ ಎಂಬ ಮಾತಿನ ಚರಿತ್ರೆಯೂ ಸ್ವಾರಸ್ಯದ್ದು. ಟಿಪ್ಪು ಮಡಿದ ಮೇಲೆ, 1799ರಲ್ಲಿ, ಥಾಮಸ್ ಮನ್ರೋ ಕೆನರಾದ ಕಲೆಕ್ಟರ್ ಆಗಿ ಬಂದ. ಕಂಪನಿ ಸರ್ಕಾರದಲ್ಲಿ ಜಮಾಬಂದಿ ಎಂದರೆ ರೈತ ಆ ವರ್ಷ ಎಷ್ಟು ಕಂದಾಯ ಕೊಡಬೇಕೆಂದು ಅಧಿಕಾರಿ ಲೆಕ್ಕ ಹಾಕಿ ನಿಗದಿ ಮಾಡುವುದು. ಇಂದು ನಮ್ಮ ಗ್ರಾಮ ಪಂಚಾಯತುಗಳಲ್ಲಿ ಅದೇ ಹೆಸರಿನಲ್ಲಿ ಪಂಚಾಯತಿನ ಲೆಕ್ಕಪತ್ರ ಮತ್ತು ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸುತ್ತಾರೆ. 'ನೀನೆಷ್ಟು ಕೊಡಬೇಕು' ಎಂದು ಕೇಳುತ್ತಿದ್ದ ಪದ 'ನೀವೆಷ್ಟು ಖರ್ಚು ಮಾಡಿದಿರಿ' ಎಂದು ಕೇಳುವಂತಾಯಿತು. ಜಮಾಬಂದಿಗೆ ಬರುವ ಜನ ಕಡಿಮೆಯಿರಬಹುದು. ಆದರೂ ಪ್ರಶ್ನೆಯ ದಿಕ್ಕು ಬದಲಾದದ್ದು ಸಣ್ಣ ಸಂಗತಿಯಲ್ಲ.

ಇದೇ ಪ್ರಶ್ನೆಯನ್ನು ದೊಡ್ಡ ಕಚೇರಿಗೆ ಕೇಳಿ ನೋಡೋಣ. ನಮ್ಮ ಪೇಟೆಯ ಒಬ್ಬ ಅಂಗಡಿಯವರಿಗೆ ಆದಾಯ ತೆರಿಗೆಯ ನೋಟಿಸು ಬಂತು ಎಂದು ಊಹಿಸಿಕೊಳ್ಳಿ. ಅವರ ಲೆಕ್ಕ ನೋಡುವ ಅಧಿಕಾರಿ ದೇಶದ ಯಾವ ಊರಿನಲ್ಲಿದ್ದಾರೆ ಎಂಬುದು ಅವರಿಗೆ ತಿಳಿಯುವುದಿಲ್ಲ, ಹೆಸರೂ ತಿಳಿಯುವುದಿಲ್ಲ. 2020ರಲ್ಲಿ ಈ ಮುಖರಹಿತ ತೆರಿಗೆ ನಿರ್ಧಾರಣೆಗೆ ದೊಡ್ಡ ಚಾಲನೆ ಸಿಕ್ಕಿತು. ಅದರ ಹಿಂದಿನ ಉದ್ದೇಶವನ್ನು ತಳ್ಳಿಹಾಕುವಂತಿಲ್ಲ. 'ಸಾಹೇಬರನ್ನು ಒಮ್ಮೆ ನೋಡಿ ಬನ್ನಿ' ಎಂಬ ಮಾತಿನ ಅರ್ಥ ಗೊತ್ತಿಲ್ಲದ ವ್ಯಾಪಾರಿ ಯಾರಿದ್ದಾರೆ? ಮುಖ ಕಾಣದಿದ್ದರೆ ಲಂಚ ಕೇಳುವುದು ಕಷ್ಟ, ಮುಲಾಜಿಗೆ ಬೀಳುವುದೂ ಕಷ್ಟ.

ಆದರೆ ಮುಖದ ಜೊತೆ ಇನ್ನೊಂದೂ ಹೋಯಿತು. ಮೊದಲಿಗೆ, ತೆರಿಗೆದಾರ ವಿಡಿಯೊ ಮೂಲಕ ತನ್ನ ಮಾತು ಹೇಳಲು ಅವಕಾಶ ಕೇಳಿದರೆ ಕೊಡುವುದು ಬಿಡುವುದು ಇಲಾಖೆಯ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ವ್ಯಾಜ್ಯಗಳು ನ್ಯಾಯಾಲಯಗಳಿಗೆ ಹೋದ ಮೇಲೆ, 2022ರ ಹಣಕಾಸು ಕಾಯ್ದೆ ಕೇಳಿದವರಿಗೆ ಆ ಅವಕಾಶ ಕೊಡಲೇಬೇಕೆಂದು ತಿದ್ದಿತು. ಅದೇ ಕಾಯ್ದೆ ಇನ್ನೊಂದು ಕೆಲಸವನ್ನೂ ಮಾಡಿತು. ಗೊತ್ತುಪಡಿಸಿದ ಕ್ರಮವನ್ನು ಅಧಿಕಾರಿಗಳು ಪಾಲಿಸದಿದ್ದರೆ ಅಂಥ ಆದೇಶ ಅಸಿಂಧು ಎಂದು ಹೇಳುತ್ತಿದ್ದ ಉಪಕಲಮನ್ನು ಪೂರ್ವಾನ್ವಯವಾಗುವಂತೆ ತೆಗೆದುಹಾಕಿತು. ಅಂಗಡಿಯವರು ಗಡುವು ತಪ್ಪಿಸಿದರೆ ದಂಡ. ಇಲಾಖೆ ಕ್ರಮ ತಪ್ಪಿಸಿದರೆ ಆದೇಶ ತಾನಾಗಿ ಬೀಳುವುದಿಲ್ಲ, ಅವರೇ ವಾದ ಮಾಡಿ ಬೀಳಿಸಬೇಕು.

ಇಲಾಖೆ ಯಾರಿಗೂ ಉತ್ತರ ಕೊಡುವುದಿಲ್ಲ ಎಂದಲ್ಲ. ತೆರಿಗೆ ಅಧಿಕಾರಿ ಆಯುಕ್ತರಿಗೆ, ಆಯುಕ್ತರು ಕೇಂದ್ರ ನೇರ ತೆರಿಗೆ ಮಂಡಳಿಗೆ, ಮಂಡಳಿ ಹಣಕಾಸು ಸಚಿವಾಲಯಕ್ಕೆ, ಸಚಿವರು ಸಂಸತ್ತಿಗೆ ಉತ್ತರಿಸುತ್ತಾರೆ. ಮಹಾಲೇಖಪಾಲರು ಲೆಕ್ಕ ಪರಿಶೋಧಿಸುತ್ತಾರೆ. ಸರ್ಕಾರಕ್ಕೆ ಬರಬೇಕಾದದ್ದು ಸರಿಯಾಗಿ ಬಂತೇ ಎಂಬುದು ಅಲ್ಲಿನ ಮುಖ್ಯ ಪ್ರಶ್ನೆ. ಈ ಏಣಿಯ ಮೆಟ್ಟಿಲುಗಳೆಲ್ಲ ಮೇಲಕ್ಕೆ ಹೋಗುತ್ತವೆ. ಕೆಳಗೆ ನಿಂತವನ ಕಡೆಗೆ ತಿರುಗಿದ್ದು ಕೆಲವೇ ಕೆಲವು. ತೆರಿಗೆದಾರರ ದೂರು ಕೇಳಲೆಂದೇ ಇದ್ದ ಓಂಬುಡ್ಸ್‌ಮನ್ ಹುದ್ದೆಯನ್ನು 2019ರಲ್ಲಿ ರದ್ದು ಮಾಡಿದರು. ಮೊದಲ ಮೇಲ್ಮನವಿ ಕೇಳುವವರು ಅದೇ ಇಲಾಖೆಯ ಅಧಿಕಾರಿ. ಅದರ ಮೇಲಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಮಾತ್ರ, ಹಣಕಾಸು ಸಚಿವಾಲಯವನ್ನು ಬಿಟ್ಟು, ಕಾನೂನು ಸಚಿವಾಲಯದ ಕೆಳಗಿದೆ. ವಸೂಲು ಮಾಡುವವನೇ ತೀರ್ಪು ಕೊಡಬಾರದು ಎಂಬ ವಿವೇಕ ಅದರಲ್ಲಿದೆ. ಆದರೆ ಅಲ್ಲಿಯವರೆಗೆ ಹೋಗಲು ವಕೀಲ ಬೇಕು, ದುಡ್ಡು ಬೇಕು, ವರ್ಷಗಳು ಬೇಕು.

ಹಾಗಾದರೆ ಸಾಮಾನ್ಯ ಜನರಿಗೆ ಉತ್ತರ ಸಿಕ್ಕಿದ್ದು ಯಾವಾಗ? ಗುಂಪುಗೂಡಿದಾಗ. 1830-31ರಲ್ಲಿ ಕೆನರಾದ ರೈತರು ಕೂಟಗಳಾಗಿ ಸೇರಿ, ಕಂದಾಯ ಕೊಡುವುದಿಲ್ಲವೆಂದು ನಿಂತು, ಕಂಪನಿ ಸರ್ಕಾರ ತಮ್ಮ ಅಹವಾಲಿನ ಕಡೆ ತಿರುಗಿ ನೋಡುವಂತೆ ಮಾಡಿದರು. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸುಗಳು ಬಂದವು. ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ ಬಂದವು. ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ 'ನಗದು ಮಾತ್ರ' ಎಂಬ ಚೀಟಿ ಬಿತ್ತು, ಬಂದ್ ಕರೆ ಬಂತು. ಆಗ ಮುಖ್ಯಮಂತ್ರಿಗಳೇ ವ್ಯಾಪಾರಿಗಳ ಸಭೆ ಕರೆದು ಭರವಸೆ ಕೊಟ್ಟರು. ಎರಡು ಶತಮಾನಗಳ ಅಂತರದಲ್ಲಿ ಪಾಠ ಒಂದೇ: ಸಾವಿರ ಜನ ಕೇಳಿದರೆ ಉತ್ತರ ಉಂಟು.

ನನ್ನನ್ನು ಕಾಡುವುದು ಒಬ್ಬನೇ ಕೇಳಿದಾಗ ಏನಾಗುತ್ತದೆ ಎಂಬುದು. ಗುಂಪಿಗೆ ಕೊಡುವ ಉತ್ತರದಲ್ಲಿ ನ್ಯಾಯದಷ್ಟೇ ಭಯವೂ ಇರುತ್ತದೆ. ಒಬ್ಬನಿಗೆ ಕೊಡುವ ಉತ್ತರದಲ್ಲಿ ಭಯಕ್ಕೆ ಕಾರಣವಿಲ್ಲ. ಆದ್ದರಿಂದ ಸಂಸ್ಥೆಯೊಂದರ ನೈತಿಕತೆಯನ್ನು ಅಳೆಯಬೇಕಾದ್ದು ಅಲ್ಲಿಯೇ.

ಇಲ್ಲಿ ನನ್ನ ವಾದದ ವಿರುದ್ಧವೇ ಒಂದು ಮಾತು ಹೇಳಬೇಕು. ಬಿಲ್ ಕಲೆಕ್ಟರ್ ಅಪ್ಪನಿಗೆ ಅಷ್ಟು ವಿವರಿಸಿದ್ದು ಪರಿಚಯದಿಂದ. ನಮ್ಮ ಜಗಲಿಯಲ್ಲಿ ಕೂತು ಚಾ ಕುಡಿದವರು ಎಲ್ಲ ಮನೆಯ ಜಗಲಿಯಲ್ಲೂ ಕೂರುತ್ತಾರೆಯೇ? ಗುಡ್ಡದ ಆಚೆಗಿನ ಕಾಲೊನಿಯ ಹೆಂಗಸೊಬ್ಬಳು ಅದೇ ಪ್ರಶ್ನೆ ಕೇಳಿದ್ದರೆ ಅದೇ ತಾಳ್ಮೆ ಇರುತ್ತಿತ್ತೇ? ಖಂಡಿತ ಇರುತ್ತಿತ್ತು ಎನ್ನಲು ನನಗೆ ಧೈರ್ಯವಿಲ್ಲ. ಮುಖ ನೋಡಿ ಮಣೆ ಹಾಕುವುದು ನಮ್ಮ ಹಳೆಯ ರೋಗ. ಮುಖರಹಿತ ವ್ಯವಸ್ಥೆ ಆ ರೋಗಕ್ಕೆ ಮದ್ದೆಂದು ಹುಟ್ಟಿದ್ದು, ಆ ಹೆಂಗಸಿಗೆ ಅದು ನಿಜಕ್ಕೂ ಮೇಲು ಆಗಬಹುದು.

ಹಾಗಾಗಿ ಹಳೆಯ ಜಗಲಿಗೆ ಮರಳೋಣ ಎಂದು ನಾನು ಹೇಳಲಾರೆ. ಕೇಳುವವನ ಮುಖ ಅಧಿಕಾರಿಗೆ ಕಾಣದಿರಲಿ. ಆದರೆ ಕೊಟ್ಟ ಕಾರಣ ಕೇಳುವವನಿಗೆ ಅವನ ಭಾಷೆಯಲ್ಲಿ ಕಾಣಬೇಕು, ಎರಡನೇ ಪ್ರಶ್ನೆಗೆ ಜಾಗವಿರಬೇಕು, ತಪ್ಪಾದಾಗ ಅದರ ಭಾರ ಇಲಾಖೆಯ ಮೇಲೂ ಬೀಳಬೇಕು. ಸಂವಿಧಾನದ 265ನೇ ವಿಧಿ ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ಹಾಕಬಾರದು, ವಸೂಲು ಮಾಡಲೂಬಾರದು ಎನ್ನುತ್ತದೆ. ಕಾನೂನು ಉಂಟು ಎಂದು ಹೇಳಿದರೆ ಅರ್ಧ ಉತ್ತರ. ಅದು ನನಗೆ ಯಾಕೆ, ಇಷ್ಟು ಯಾಕೆ ಅನ್ವಯಿಸುತ್ತದೆ ಎಂದು ಹೇಳಿದಾಗ ಉತ್ತರ ಪೂರ್ತಿಯಾಗುತ್ತದೆ.

ಅಪ್ಪ ಆ ರಶೀದಿಯನ್ನು ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದಾರೆ. ಜಮಾಬಂದಿಗೆ ಹೋಗುತ್ತೀರಾ ಎಂದು ಮೊನ್ನೆ ಫೋನಿನಲ್ಲಿ ಕೇಳಿದೆ. "ಮಳೆ ಇಲ್ಲದಿದ್ದರೆ ಹೋಗುವುದು," ಎಂದರು.